ಕುರ್ಚಿ ಖಾಲಿಯಿದ್ದಾಗ ಬರೆದ ಕಾಯಿದೆಗಳು

ವಿಧಾನಮಂಡಲದಲ್ಲಿ ಮಂಡನೆಯಾಗುವ ಯಾವುದೇ ಮಸೂದೆಯ ಕೊನೆಯ ಪುಟಗಳನ್ನು ತಿರುವಿ ನೋಡಿ. ಉದ್ದೇಶ ಮತ್ತು ಕಾರಣಗಳ ಹೇಳಿಕೆಯ ಕೆಳಗೆ ‘ಆರ್ಥಿಕ ಜ್ಞಾಪನ ಪತ್ರ’ ಎಂಬ ಪುಟ್ಟ ಭಾಗವೊಂದು ಇರುತ್ತದೆ. ಬಹಳಷ್ಟು ಮಸೂದೆಗಳಲ್ಲಿ ಅದು ಒಂದೇ ಸಾಲಿನದು: ಈ ಶಾಸನದಿಂದ ಹೆಚ್ಚುವರಿ ವೆಚ್ಚವೇನೂ ತಗಲುವುದಿಲ್ಲ. ಯಾರಿಗೆ ತಗಲುವುದಿಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ರಾಜ್ಯದ ಬೊಕ್ಕಸಕ್ಕೆ ತಗಲುವುದಿಲ್ಲ, ಅದರ ಅರ್ಥ ಅಷ್ಟೇ. ಅದೇ ಮಸೂದೆ ಗ್ರಾಮ ಪಂಚಾಯಿತಿಗೆ ಹೊಸದೊಂದು ವಹಿ ಇಡು ಎನ್ನಬಹುದು, ಇನ್ನೊಂದು ಸಮಿತಿ ಮಾಡು ಎನ್ನಬಹುದು, ಇಂಥ ಶುಲ್ಕವನ್ನು ಇನ್ನು ಮುಂದೆ ವಸೂಲಿ ಮಾಡಕೂಡದು ಎನ್ನಬಹುದು. ಆ ಖರ್ಚಾಗಲಿ, ಆ ಖೋತಾ ಆಗಲಿ ಯಾವ ಜ್ಞಾಪನ ಪತ್ರದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಬೀದಿದೀಪದ ಮತ್ತು ಕುಡಿಯುವ ನೀರಿನ ಪಂಪಿನ ಕರೆಂಟ್ ಬಿಲ್ಲು, ವಾಟರ್‌ಮನ್ ಮತ್ತು ಬಿಲ್ ಕಲೆಕ್ಟರ್‌ನ ಸಂಬಳ ಇವೆರಡನ್ನು ಹೊಂದಿಸುವಷ್ಟರಲ್ಲೇ ಏದುಸಿರು ಬಿಡುವ ಪಂಚಾಯಿತಿಯ ಮೇಲೆ ಮತ್ತೊಂದು ಹೊರೆ ಬಿದ್ದಿದೆ ಎಂಬುದು ಸದನದ ಕಡತದಲ್ಲಿ ದಾಖಲಾಗುವುದೇ ಇಲ್ಲ. ದಾಖಲಾಗುವಂತೆ ಮಾಡಬೇಕಾದವರು ವಿಧಾನಸೌಧದ ಒಳಗೆ ಯಾರೂ ಇಲ್ಲದಿರುವುದೇ ಇದಕ್ಕೆ ಕಾರಣ.

ಮಸೂದೆಗಳನ್ನು ಕಲಮು ಕಲಮಾಗಿ ಓದಿ, ಅವು ಊರಿನ ಆಡಳಿತಕ್ಕೆ ಏನು ಮಾಡುತ್ತವೆಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಶಾಸಕರ ಮುಂದೆ ಇಟ್ಟು ವಾದಿಸುವುದು ಒಂದು ವೃತ್ತಿ. ಹಲವು ದೇಶಗಳಲ್ಲಿ ನಗರಸಭೆಗಳೂ ಜಿಲ್ಲಾಡಳಿತಗಳೂ ಒಟ್ಟಾಗಿ ಸಂಬಳ ಕೊಟ್ಟು ಇಂಥವರನ್ನು ಇಟ್ಟುಕೊಂಡಿವೆ. ಶಾಸನ ವಿಶ್ಲೇಷಕ ಎನ್ನುತ್ತಾರೆ, ಲಾಬಿ ಮಾಡುವವನು ಎಂದೂ ಎನ್ನುತ್ತಾರೆ. ನಮ್ಮಲ್ಲಿ ಈ ಮಾತು ಎತ್ತಿದರೆ ಸಿಗುವ ಉತ್ತರ ಎಲ್ಲರ ಬಾಯಲ್ಲೂ ಒಂದೇ. ಪಂಚಾಯಿತಿಗೆ ವಕಾಲತ್ತು ವಹಿಸಲು ಶಾಸಕರಿದ್ದಾರೆ, ಮೇಲ್ಮನೆಯಲ್ಲಿ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿದ್ದಾರೆ, ಇಡೀ ಒಂದು ಇಲಾಖೆಯೇ ಇದೆ, ಇನ್ನು ಲಾಬಿ ಎನ್ನುವುದು ದಲ್ಲಾಳಿಗಳ ಕೆಲಸ. ಅಧಿಕಾರಿಗಳು ಹೇಳುತ್ತಾರೆ, ಪಕ್ಷದವರು ಹೇಳುತ್ತಾರೆ, ಎಷ್ಟೋ ಪಂಚಾಯಿತಿ ಸದಸ್ಯರೂ ತಲೆದೂಗುತ್ತಾರೆ. ವಿಕೇಂದ್ರೀಕರಣದ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಮಾತಾಡುವ ಪ್ರಗತಿಪರರು ಕೂಡ ಇದನ್ನು ಪ್ರಶ್ನಿಸಿದ್ದು ಕಡಿಮೆ. ಈ ಅಭಿಪ್ರಾಯ ತಪ್ಪು ಎಂದರೆ ಸಾಲದು. ಕರ್ನಾಟಕದ ಸ್ಥಳೀಯ ಸರ್ಕಾರಗಳನ್ನು ಮೂವತ್ತು ವರ್ಷಗಳಿಂದ ಒಳಗೊಳಗೇ ಟೊಳ್ಳು ಮಾಡುತ್ತ ಬಂದದ್ದೇ ಇದು.

ಸಾಕ್ಷಿ ಬೇಕಾದರೆ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯಿದೆ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟಿತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯ ಹುದ್ದೆಗೆ ಜಿಲ್ಲಾಧಿಕಾರಿಗಿಂತ ಹಿರಿಯರು ಬರುತ್ತಿದ್ದರು. 1987ರಲ್ಲಿ ಚುನಾವಣೆಯಾಗಿ ಬಂದ ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿಯಿತು. ಮತ್ತೆ ಚುನಾವಣೆ ಮಾಡುವ ಬದಲು ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಚುನಾಯಿತ ಜಿಲ್ಲಾ ಪರಿಷತ್ತು ಒಂದೂ ಇಲ್ಲದ ಆ ಹೊತ್ತಿನಲ್ಲೇ 1993ರ ಪಂಚಾಯತ್ ರಾಜ್ ಕಾಯಿದೆ ಬಂತು. ಈಗ ಬೆಂಗಳೂರಿಗೆ ಬನ್ನಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ, ಪಾಲಿಕೆಗೆಂದೇ ಪ್ರತ್ಯೇಕವಾದ ಬಿಬಿಎಂಪಿ ಕಾಯಿದೆ ಸದನದಲ್ಲಿ ಅಂಗೀಕಾರವಾದದ್ದು ಅದೇ ಡಿಸೆಂಬರ್‌ನಲ್ಲಿ. 2016ರಲ್ಲಿ ಆಯ್ಕೆಯಾಗಿದ್ದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಸರ್ಕಾರವೇ ನೇಮಿಸುವ ಆಯೋಗಕ್ಕೆ ಕೊಡುವ ತಿದ್ದುಪಡಿ ಅದೇ ವರ್ಷ ಬಂತು. ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿ, ಅವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರವನ್ನು ಕೂರಿಸಿದ ಗ್ರೇಟರ್ ಬೆಂಗಳೂರು ಕಾಯಿದೆ 2025ರಲ್ಲಿ ಜಾರಿಗೆ ಬಂದಾಗ ನಗರಕ್ಕೆ ಸುಮಾರು ಐದು ವರ್ಷಗಳಿಂದ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ನಾಲ್ಕು ಕಾಯಿದೆಗಳು, ಬೇರೆ ಬೇರೆ ಪಕ್ಷಗಳ ಸರ್ಕಾರಗಳು, ಮೂರು ದಶಕಗಳ ಅಂತರ. ನಾಲ್ಕೂ ಬಾರಿ ಯಾವ ಸಂಸ್ಥೆಯ ಹಣೆಬರಹ ತಿದ್ದಲಾಗುತ್ತಿತ್ತೋ ಆ ಸಂಸ್ಥೆಯ ಕುರ್ಚಿ ಖಾಲಿ ಇತ್ತು. ಇದು ಸಂಚು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಬೇಲಿ ಸರಿಸುವುದು ಸುಲಭ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಗ್ರೇಟರ್ ಬೆಂಗಳೂರು ಮಸೂದೆ ಜಂಟಿ ಪರಿಶೀಲನಾ ಸಮಿತಿಗೆ ಹೋಗಿತ್ತು, ಸಮಿತಿ ನಾಗರಿಕರ ಅಭಿಪ್ರಾಯ ಕೇಳಿತ್ತು ಎಂಬುದನ್ನು ಒಪ್ಪಬೇಕು, ಅದು ಒಳ್ಳೆಯ ಕೆಲಸ. ಆದರೆ ಆ ಸಮಿತಿಯ ಮುಂದೆ ಪಾಲಿಕೆಯ ಪರವಾಗಿ, ಪಾಲಿಕೆಯ ಹಕ್ಕಿನಿಂದ, ಪಾಲಿಕೆಯ ಲೆಕ್ಕಪತ್ರ ಹಿಡಿದು ನಿಲ್ಲುವವರು ಯಾರಿದ್ದರು? ಆಡಳಿತಾಧಿಕಾರಿ ಸರ್ಕಾರ ನೇಮಿಸಿದವರು, ಆಯುಕ್ತರು ಸರ್ಕಾರ ಕಳಿಸಿದವರು. ಸದಸ್ಯರ ಅವಧಿ ಮುಗಿದರೂ ಮುಗಿಯದೆ ಉಳಿಯುವ, ಸ್ಥಳೀಯ ಸರ್ಕಾರಗಳಿಗೇ ಸೇರಿದ ಒಂದು ಕಚೇರಿ, ಆ ಕಚೇರಿಯಲ್ಲಿ ಕಾಯಿದೆ ಓದಬಲ್ಲ ನಾಲ್ಕು ಜನ, ಇಷ್ಟಿದ್ದಿದ್ದರೆ ಕನಿಷ್ಠ ಒಂದು ಲಿಖಿತ ಆಕ್ಷೇಪ, ಒಂದು ಪರ್ಯಾಯ ಕರಡು, ಒಂದು ತಿದ್ದುಪಡಿ ಸೂಚನೆ ದಾಖಲೆಯಲ್ಲಿ ಉಳಿಯುತ್ತಿತ್ತು.

ಶಾಸಕರಿದ್ದಾರಲ್ಲ ಎನ್ನುವ ವಾದವನ್ನು ಈಗ ನೋಡೋಣ. ಶಾಸಕರು ಜನರ ಪ್ರತಿನಿಧಿಗಳು ಹೌದು. ಪಂಚಾಯಿತಿ ಎಂಬ ಸಂಸ್ಥೆಯ ಪ್ರತಿನಿಧಿಗಳು ಹೇಗಾಗುತ್ತಾರೆ? ಊರಿನ ರಸ್ತೆ, ಚರಂಡಿ, ಸಮುದಾಯ ಭವನ, ಆಶ್ರಯ ಮನೆ ಇವುಗಳ ವಿಷಯದಲ್ಲಿ ಶಾಸಕರಿಗೂ ಸ್ಥಳೀಯ ಸಂಸ್ಥೆಗೂ ಇರುವುದು ಸ್ಪರ್ಧೆ. ಪಟ್ಟಣಗಳಲ್ಲಿ ಆಶ್ರಯ ಸಮಿತಿಯ ಅಧ್ಯಕ್ಷತೆ ಶಾಸಕರದ್ದು, ಬಗರ್‌ಹುಕುಂ ಸಮಿತಿಯ ಅಧ್ಯಕ್ಷತೆಯೂ ಅವರದ್ದೇ. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಪಂಚಾಯಿತಿಗೆ 29 ವಿಷಯಗಳ ಪಟ್ಟಿ ಕೊಟ್ಟದ್ದು ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸದರ ಪ್ರದೇಶಾಭಿವೃದ್ಧಿ ನಿಧಿ ಶುರುವಾಯಿತು. ಊರಿಗೆ ಬೇಕಾದ ಕಾಮಗಾರಿಯನ್ನು ಊರಿನವರೇ ಆರಿಸಿಕೊಳ್ಳಲಿ ಎಂದು ಒಂದು ಕೈ ಕೊಟ್ಟದ್ದನ್ನು ಎಂಟು ತಿಂಗಳೊಳಗೆ ಇನ್ನೊಂದು ಕೈ ಹಿಂದಕ್ಕೆ ಎಳೆದುಕೊಂಡಿತು. ಇಂದು ಕರ್ನಾಟಕದ ಪ್ರತಿ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಪಂಚಾಯಿತಿ ಬಲವಾದರೆ ಗುದ್ದಲಿಪೂಜೆಗೆ ಶಾಸಕರನ್ನು ಕಾಯಬೇಕಿಲ್ಲ. ಹಾಗಿರುವಾಗ ಪಂಚಾಯಿತಿಯನ್ನು ಬಲಪಡಿಸುವ ತಿದ್ದುಪಡಿಗೆ ಶಾಸಕರು ಸ್ವಂತ ಉತ್ಸಾಹದಿಂದ ಕೈ ಎತ್ತುತ್ತಾರೆಂದು ಯಾವ ಆಧಾರದ ಮೇಲೆ ನಂಬಬೇಕು? ಒಳ್ಳೆಯ ಶಾಸಕರು ಇದ್ದಾರೆ. 2015ರ ತಿದ್ದುಪಡಿಗೆ ದಾರಿ ಮಾಡಿದ ರಮೇಶ್ ಕುಮಾರ್ ಸಮಿತಿಯಂಥ ಪ್ರಯತ್ನಗಳೂ ಆಗಿವೆ. ಆದರೆ ಒಂದು ಸಂಸ್ಥೆಯ ಅಸ್ತಿತ್ವ ಅದರ ಪ್ರತಿಸ್ಪರ್ಧಿಯ ಒಳ್ಳೆಯತನದ ಮೇಲೆ ನಿಂತಿರಬಾರದು.

ವಿಧಾನ ಪರಿಷತ್ತಿನ ವಾದ ಕೇಳಲು ಇದಕ್ಕಿಂತ ಗಟ್ಟಿಯಾಗಿದೆ. 75 ಸದಸ್ಯರ ಮೇಲ್ಮನೆಯಲ್ಲಿ 25 ಜನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬಂದವರು, ಮೂರರಲ್ಲೊಂದು ಪಾಲು. ಸಂವಿಧಾನ ಬರೆದವರು ಬಯಸಿದ್ದು ಇದನ್ನೇ ಇರಬಹುದು. ಆದರೆ ಆ 25 ಜನ ಟಿಕೆಟ್ ಪಡೆಯುವುದು ಪಕ್ಷದಿಂದ, ಸದನದಲ್ಲಿ ಮತ ಹಾಕುವುದು ವಿಪ್ ಪ್ರಕಾರ. ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು ಎಂದು 1985ರಿಂದ ಸಂವಿಧಾನದ ಹತ್ತನೇ ಅನುಸೂಚಿ ಹೇಳುತ್ತದೆ. ಪಂಚಾಯಿತಿಯ ಹಿತ ಒಂದು ಕಡೆ, ಪಕ್ಷದ ವಿಪ್ ಇನ್ನೊಂದು ಕಡೆ ಇದ್ದಾಗ ಅವರು ಯಾವ ಕಡೆ ನಿಲ್ಲಬೇಕು? 2021ರ ಡಿಸೆಂಬರ್‌ನಲ್ಲಿ ಈ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಜಿಲ್ಲಾ ಪಂಚಾಯಿತಿಯ ಮತ್ತು ತಾಲ್ಲೂಕು ಪಂಚಾಯಿತಿಯ ಚುನಾಯಿತ ಸದಸ್ಯರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ, ಅವರ ಅವಧಿ ಮುಗಿದಿತ್ತು. ಎರಡು ಹಂತದ ಸ್ಥಳೀಯ ಸರ್ಕಾರಗಳು ಕಾಣೆಯಾಗಿದ್ದರೂ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳ ಆಯ್ಕೆ ಸಾಂಗವಾಗಿ ನಡೆಯಿತು. ಆರಿಸಬೇಕಾದ ಸಂಸ್ಥೆಯೇ ಇಲ್ಲದಾಗಲೂ ತುಂಬುವ ಕುರ್ಚಿ ಯಾರನ್ನು ಪ್ರತಿನಿಧಿಸುತ್ತದೆ?

ಇಲಾಖೆ ಇದೆಯಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಂಚಾಯಿತಿಯ ಅಧಿಕಾರ ಕಡಿಮೆ ಮಾಡುವ ಮಸೂದೆಯ ಕರಡು ತಯಾರಾಗುವುದು ಅದೇ ಇಲಾಖೆಯಲ್ಲಿ. ಸುತ್ತೋಲೆ ಬರುವುದು ಅಲ್ಲಿಂದ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗಾವಣೆಯಾಗುವುದು ಅಲ್ಲಿಂದ. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ತರಬೇತಿ ಸಂಸ್ಥೆ ಇದೆ, ಅದು ಸದಸ್ಯರಿಗೆ ಕಾಯಿದೆ ಕಲಿಸುತ್ತದೆ, ಕಲಿಸಲೇಬೇಕು. ಆದರೆ ಅದೂ ಸರ್ಕಾರದ ಸಂಸ್ಥೆಯೇ. ಬಂದ ಕಾಯಿದೆಯನ್ನು ಪಾಲಿಸುವುದು ಹೇಗೆಂದು ಕಲಿಸುವುದು ಬೇರೆ, ಬರಲಿರುವ ಕಾಯಿದೆಯನ್ನು ಹಿಡಿದು ನಿಲ್ಲಿಸಿ ಇದರಿಂದ ನಮಗೆ ಇಂಥ ನಷ್ಟ ಎಂದು ವಾದಿಸುವುದು ಬೇರೆ. ಎದುರಾಳಿಯ ವಕೀಲನನ್ನೇ ತನ್ನ ವಕೀಲ ಎಂದು ಯಾವ ಕಕ್ಷಿದಾರನೂ ನಂಬುವುದಿಲ್ಲ, ಪಂಚಾಯಿತಿ ಮಾತ್ರ ನಂಬಬೇಕು ಎನ್ನುವುದು ನ್ಯಾಯವಲ್ಲ.

ಈ ವೃತ್ತಿಯ ಕೆಲಸ ಎಂಥದು ಎಂದು ಹತ್ತಿರದಿಂದ ನೋಡಿದರೆ ಅದು ಎಷ್ಟು ಅಗತ್ಯ ಎಂಬುದು ತಿಳಿಯುತ್ತದೆ. ತಿದ್ದುಪಡಿ ಮಸೂದೆ ಸಾಮಾನ್ಯರ ಕಣ್ಣಿಗೆ ಏನೂ ಹೇಳುವುದಿಲ್ಲ. ಉದಾಹರಣೆಗೆ ಹೀಗೊಂದು ಸಾಲು ಅಂದುಕೊಳ್ಳಿ: ಮೂಲ ಅಧಿನಿಯಮದ ಇಂಥ ಪ್ರಕರಣದಲ್ಲಿ ‘ಗ್ರಾಮ ಪಂಚಾಯಿತಿಯು’ ಎಂಬ ಪದಗಳ ತರುವಾಯ ‘ರಾಜ್ಯ ಸರ್ಕಾರದ ಪೂರ್ವಾನುಮೋದನೆಯೊಂದಿಗೆ’ ಎಂಬ ಪದಗಳನ್ನು ಸೇರಿಸತಕ್ಕದ್ದು. ಸೇರಿದ್ದು ಮೂರೇ ಪದ. ಆದರೆ ಮೂಲ ಅಧಿನಿಯಮವನ್ನು ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಓದಿದರೆ ಮಾತ್ರ ಗೊತ್ತಾಗುವುದು, ನಿನ್ನೆಯವರೆಗೆ ಸಭೆಯ ನಿರ್ಣಯದಿಂದ ಆಗುತ್ತಿದ್ದ ಕೆಲಸಕ್ಕೆ ನಾಳೆಯಿಂದ ಬೆಂಗಳೂರಿನ ಕಡತ ಕಾಯಬೇಕು. ಶಾಸನದ ಕನ್ನಡದಲ್ಲಿ ‘ತಕ್ಕದ್ದು’ ಮತ್ತು ‘ಬಹುದು’ ಎಂಬ ಎರಡು ಪದಗಳ ನಡುವೆ ಇಡೀ ವಿಕೇಂದ್ರೀಕರಣದ ಭವಿಷ್ಯ ಅಡಗಿದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸತಕ್ಕದ್ದು ಎಂದು ಸಂವಿಧಾನದ 243ಇ ವಿಧಿ ಆಜ್ಞಾಪಿಸುತ್ತದೆ. ಆದರೆ ಅಧಿಕಾರ ಕೊಡುವ ಪ್ರಶ್ನೆ ಬಂದಾಗ 243ಜಿ ವಿಧಿ ರಾಜ್ಯದ ಶಾಸನಸಭೆ ಕೊಡಬಹುದು ಎಂದಷ್ಟೇ ಹೇಳುತ್ತದೆ. ಆ ‘ಬಹುದು’ ಇರುವತನಕ ಪಂಚಾಯಿತಿಯ ಬದುಕು ತೀರ್ಮಾನವಾಗುವುದು ವಿಧಾನಸೌಧದಲ್ಲಿ, ಪ್ರತಿ ಅಧಿವೇಶನದಲ್ಲಿ, ಪ್ರತಿ ತಿದ್ದುಪಡಿಯಲ್ಲಿ. ಅಲ್ಲಿಗೆ ತನ್ನ ಓದುಗನನ್ನು ಕಳಿಸದ ಪಂಚಾಯಿತಿ ತನ್ನ ಬದುಕನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ಪಂಚಾಯತ್ ರಾಜ್ ಹೆಸರಿಲ್ಲದ ಮಸೂದೆಗಳನ್ನಂತೂ ಇನ್ನೂ ಎಚ್ಚರದಿಂದ ಓದಬೇಕು. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ನೋಡಿ. ಮನೆಮನೆಗೆ ಹೋಗಿ ಎತ್ತುವುದು ಸ್ಥಳೀಯ ಸಂಸ್ಥೆ, ಆ ಹೊಣೆ ಹೊರಿಸಿದ್ದು ಗ್ರಂಥಾಲಯ ಕಾಯಿದೆ ಮತ್ತು ಭಿಕ್ಷಾಟನೆ ನಿಷೇಧ ಕಾಯಿದೆ. ಭೂಕಂದಾಯ, ನಗರ ಯೋಜನೆ, ವಿದ್ಯುತ್, ಗಣಿ, ಇವುಗಳಲ್ಲಿ ಯಾವ ಕಾಯಿದೆ ತಿದ್ದಿದರೂ ಊರಿನ ಮಟ್ಟದಲ್ಲಿ ಒಂದು ಅಲೆ ಏಳುತ್ತದೆ. ಅದನ್ನು ಮುಂಚೆಯೇ ಕಾಣಲು ದಿನವಿಡೀ ಅದನ್ನೇ ಮಾಡುವ ಜನ ಬೇಕು.

ಇದು ಸಾಧ್ಯವೇ ಎಂದು ಕೇಳುವವರು ಕ್ಯಾಲಿಫೋರ್ನಿಯಾದ ಕಡೆ ನೋಡಬಹುದು. ಅಲ್ಲಿನ ನಗರಗಳು 1898ರಲ್ಲೇ ತಮ್ಮದೊಂದು ಲೀಗ್ ಕಟ್ಟಿಕೊಂಡವು. ನಗರಗಳು ಸದಸ್ಯತ್ವ ಶುಲ್ಕ ಕೊಡುತ್ತವೆ, ಲೀಗಿನ ವಿಶ್ಲೇಷಕರು ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕೂತು ಮಸೂದೆಗಳನ್ನು ಓದುತ್ತಾರೆ, ಬೆಂಬಲದ ಇಲ್ಲವೇ ವಿರೋಧದ ಪತ್ರ ಬರೆಯುತ್ತಾರೆ, ಸಮಿತಿಗಳ ಮುಂದೆ ಸಾಕ್ಷ್ಯ ಹೇಳುತ್ತಾರೆ. ಕೌಂಟಿಗಳಿಗೆ ಬೇರೆಯದೇ ಸಂಘವಿದೆ. 1990ರ ದಶಕದ ಆರಂಭದಲ್ಲಿ ಬಜೆಟ್ ಕೊರತೆಗೆ ಸಿಲುಕಿದ ರಾಜ್ಯ ಸರ್ಕಾರ ನಗರ ಮತ್ತು ಕೌಂಟಿಗಳ ಆಸ್ತಿ ತೆರಿಗೆಯ ಪಾಲನ್ನು ಶಾಲೆಗಳ ನಿಧಿಗೆ ತಿರುಗಿಸಿತು. ಸ್ಥಳೀಯ ಸರ್ಕಾರಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಟ್ಟು ಹಿಡಿದವು. 2004ರಲ್ಲಿ, ಮತ್ತೆ 2010ರಲ್ಲಿ, ಮತದಾರರು ಸ್ಥಳೀಯ ಆದಾಯಕ್ಕೆ ರಾಜ್ಯ ಕೈಹಾಕುವುದನ್ನು ಕಟ್ಟಿಹಾಕುವ ತಿದ್ದುಪಡಿಗಳನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ನನ್ನನ್ನು ಹೆಚ್ಚು ತಟ್ಟುವುದು ಇನ್ನೊಂದು ಸಣ್ಣ ಸಂಗತಿ. ಅಲ್ಲಿನ ಪ್ರತಿ ಮಸೂದೆಯ ಸಾರಾಂಶದ ಕೊನೆಗೆ, ಸ್ಥಳೀಯ ಸಂಸ್ಥೆಗಳ ಮೇಲೆ ರಾಜ್ಯ ಹೊಸ ಹೊಣೆ ಹೊರಿಸುತ್ತಿದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಅಚ್ಚಾಗಿರುತ್ತದೆ. ಹೊಸ ಹೊಣೆ ಹೊರಿಸಿದರೆ ಅದರ ಖರ್ಚನ್ನು ರಾಜ್ಯ ತುಂಬಿಕೊಡಬೇಕು ಎಂಬ ತತ್ವವನ್ನು ಅಲ್ಲಿನ ಮತದಾರರು 1979ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದಾರೆ. ನಮ್ಮ ಆರ್ಥಿಕ ಜ್ಞಾಪನ ಪತ್ರದ ಒಂಟಿ ಸಾಲನ್ನು ಆ ಸಾಲಿನ ಪಕ್ಕದಲ್ಲಿಟ್ಟು ಓದಿದರೆ ನಾವು ಎಷ್ಟು ಹಿಂದಿದ್ದೇವೆಂದು ಬೇರೆ ಹೇಳಬೇಕಾಗಿಲ್ಲ. ಅಷ್ಟು ದೂರ ಬೇಡ ಎನ್ನುವವರಿಗೆ ಪಕ್ಕದ ಕೇರಳವಿದೆ, ಅಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಮ್ಮದೇ ಸಂಘವಿದೆ.

ಲಾಬಿ ಎಂದರೆ ದಲ್ಲಾಳಿತನ ಎಂಬ ಆಕ್ಷೇಪದಲ್ಲಿ ಒಂದು ನಿಜವಾದ ಭಯವಿದೆ, ಅದನ್ನು ಹಗುರವಾಗಿ ತೆಗೆದುಹಾಕುವುದಿಲ್ಲ. ವಾಲ್‌ಮಾರ್ಟ್ ಕಂಪನಿ ಭಾರತದ ಮಾರುಕಟ್ಟೆಗೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗೆ ಅಮೆರಿಕದಲ್ಲಿ ಲಾಬಿ ಖರ್ಚು ಮಾಡಿದೆ ಎಂದು 2012ರಲ್ಲಿ ಬಯಲಾದಾಗ ನಮ್ಮ ಸಂಸತ್ತಿನಲ್ಲಿ ಗದ್ದಲವೇ ಎದ್ದಿತು. ಆದರೆ ಆ ವಿಷಯ ಬಯಲಾದದ್ದು ಹೇಗೆ? ಲಾಬಿಗೆ ಮಾಡಿದ ಖರ್ಚನ್ನು ಬರೆದು ಕೊಡಬೇಕೆಂಬ ಕಾನೂನು ಅಮೆರಿಕದಲ್ಲಿ ಇದ್ದದ್ದರಿಂದ. ನಮ್ಮಲ್ಲಿ ಅಂಥ ಕಾನೂನು ಇಲ್ಲ. 2013ರಲ್ಲಿ ಲೋಕಸಭೆಯಲ್ಲಿ ಸಂಸದರೊಬ್ಬರು ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಕಾನೂನು ಇಲ್ಲ ಎಂದ ಮಾತ್ರಕ್ಕೆ ಲಾಬಿ ಇಲ್ಲವೇ? ಗಣಿಯವರಿಗೆ, ಬಿಲ್ಡರುಗಳಿಗೆ, ಮದ್ಯದ ಉದ್ಯಮಕ್ಕೆ, ಖಾಸಗಿ ಕಾಲೇಜುಗಳಿಗೆ ವಿಧಾನಸೌಧದ ಮೆಟ್ಟಿಲು ಗೊತ್ತಿಲ್ಲವೇ? ವಾಣಿಜ್ಯ ಮಂಡಳಿಗಳು ಬಜೆಟ್‌ಗೆ ಮುನ್ನ ಮುಖ್ಯಮಂತ್ರಿಯನ್ನು ಕಂಡು ಮನವಿ ಕೊಡುವುದನ್ನು ನಾವು ಸಹಜ ಎಂದು ಒಪ್ಪಿದ್ದೇವೆ. ಊರಿನ ಚುನಾಯಿತ ಸರ್ಕಾರ ಅದೇ ಕೆಲಸ ಮಾಡಿದರೆ ಅದು ಹೇಗೆ ಕೊಳಕಾಗುತ್ತದೆ? ಕತ್ತಲಲ್ಲಿ ನಡೆಯುವ ಲಾಬಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅದನ್ನು ನಾವು ಸಹಿಸಿಕೊಂಡಿದ್ದೇವೆ. ಬೆಳಕಿನಲ್ಲಿ, ಹೆಸರು ನೋಂದಾಯಿಸಿ, ಪತ್ರ ಬರೆದು, ಬರೆದ ಪತ್ರವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ ಮಾಡುವ ಲಾಬಿಯನ್ನು ಮಾತ್ರ ಅಸಹ್ಯ ಎನ್ನುತ್ತಿದ್ದೇವೆ. ಇದರಿಂದ ಲಾಭವಾಗಿರುವುದು ಮೊದಲನೆಯವರಿಗೆ.

ಹಣದ ಪ್ರಶ್ನೆ ಕೇಳುವವರು ಲೆಕ್ಕ ಮಾಡಿ ನೋಡಲಿ. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಒಂದೊಂದು ಪಂಚಾಯಿತಿ ವರ್ಷಕ್ಕೆ 10 ಸಾವಿರ ರೂಪಾಯಿ ಕೊಟ್ಟರೆ 6 ಕೋಟಿ ಆಗುತ್ತದೆ, ಮೂವರು ಶಾಸಕರ ಒಂದು ವರ್ಷದ ಪ್ರದೇಶಾಭಿವೃದ್ಧಿ ನಿಧಿಯಷ್ಟು. ಅಷ್ಟು ಹಣದಲ್ಲಿ ಬೆಂಗಳೂರಿನಲ್ಲಿ ಒಂದು ಕಚೇರಿ, ಕಾನೂನು ಬಲ್ಲವರು, ಲೆಕ್ಕ ಬಲ್ಲವರು, ಕಂದಾಯ ದಾಖಲೆ ಬಲ್ಲವರು, ಕನ್ನಡದಲ್ಲಿ ಸರಳವಾಗಿ ಬರೆಯಬಲ್ಲವರು ಎಲ್ಲರನ್ನೂ ಇಟ್ಟುಕೊಳ್ಳಬಹುದು. ಇದನ್ನು ಮಾಡದೆ ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಈ ಮೊತ್ತ ಏನೇನೂ ಅಲ್ಲ. ಚುನಾಯಿತ ಸಂಸ್ಥೆ ಇಲ್ಲದ ಹಂತಕ್ಕೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬರುವುದಿಲ್ಲ ಎಂಬುದು ಗೊತ್ತಿದ್ದೂ 2021ರಿಂದ 2025 ಮುಗಿಯುವವರೆಗೆ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆಯಲಿಲ್ಲ. ಜನರ ತೆರಿಗೆಯಿಂದ ಸರ್ಕಾರದ ಒಂದು ಅಂಗ ಇನ್ನೊಂದು ಅಂಗದ ಮುಂದೆ ವಾದಿಸುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಇದೇ ನೆಪ ಹೇಳಿ ಸ್ಥಳೀಯ ಸಂಸ್ಥೆಗಳ ಲಾಬಿಗೆ ಕಡಿವಾಣ ಹಾಕುವ ಮಸೂದೆ 2019ರಲ್ಲಿ ಸೆನೆಟ್ ದಾಟಿತು, ಕೆಳಮನೆಯಲ್ಲಿ ಬಿದ್ದಿತು. ಕೇಂದ್ರದಿಂದ ತೆರಿಗೆ ಪಾಲು ಕಡಿಮೆ ಬಂತೆಂದು ಕರ್ನಾಟಕ ಸರ್ಕಾರ ದೆಹಲಿಯಲ್ಲಿ ಧರಣಿ ಕೂತಾಗ, ಹಣಕಾಸು ಆಯೋಗದ ಮುಂದೆ ಅಂಕಿ ಅಂಶಗಳನ್ನು ಮಂಡಿಸಿದಾಗ, ಅದು ಜನರ ತೆರಿಗೆಯಲ್ಲೇ ಆಗಿತ್ತು, ಅದು ಸರಿಯಾಗಿಯೂ ಇತ್ತು. ದೆಹಲಿಯ ಮುಂದೆ ಬೆಂಗಳೂರಿಗೆ ಇರುವ ಹಕ್ಕು ಬೆಂಗಳೂರಿನ ಮುಂದೆ ಹಳ್ಳಿಗೆ ಏಕಿಲ್ಲ?

ಕೋರ್ಟ್ ಇದೆ, ಧರಣಿ ಕೂರಲು ಬೆಂಗಳೂರಿನ ಫ್ರೀಡಂ ಪಾರ್ಕ್ ಇದೆ ಎಂಬ ಸಮಾಧಾನವೂ ಸಾಲದು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಮರುವಿಂಗಡಣೆಯ ನೆಪದಲ್ಲಿ ಮುಂದೂಡಬೇಡಿ ಎಂದು 2022ರಲ್ಲಿ ಮತ್ತೆ ಹೇಳಿತು. ಹಾಗಿದ್ದೂ ಕರ್ನಾಟಕದಲ್ಲಿ ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸದಸ್ಯರ, ಸುಮಾರು ನಾಲ್ಕು ಸಾವಿರ ತಾಲ್ಲೂಕು ಪಂಚಾಯಿತಿ ಸದಸ್ಯರ ಸ್ಥಾನಗಳು ವರ್ಷಗಟ್ಟಲೆ ಖಾಲಿ ಉಳಿದವು. ಕಾಯಿದೆ ಆದಮೇಲೆ ಕೋರ್ಟಿಗೆ ಹೋದವನಿಗೆ ತಡೆಯಾಜ್ಞೆ ಸಿಕ್ಕರೂ ಕಾಲ ತಿರುಗಿ ಬರುವುದಿಲ್ಲ. ಸದಸ್ಯರ ಒಕ್ಕೂಟಗಳು ಇವೆ, ಪ್ರತಿಭಟನೆಗಳು ನಡೆಯುತ್ತವೆ, ಗೌರವಧನ ಹೆಚ್ಚಿಸಿ ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಬಿಸಿಲಲ್ಲಿ ಕೂತು ಕೂಗುವ ಸಾವಿರ ಗಂಟಲುಗಳು ಮಸೂದೆಯ ಒಂದು ಉಪಪ್ರಕರಣವನ್ನು ಬದಲಿಸಲಾರವು. ಆ ಉಪಪ್ರಕರಣಕ್ಕೆ ಪರ್ಯಾಯವಾಗಿ ಟೈಪ್ ಮಾಡಿ ತಂದ ನಾಲ್ಕು ಸಾಲನ್ನು ಸರಿಯಾದ ದಿನ ಸರಿಯಾದ ಶಾಸಕರ ಕೈಗೆ ಕೊಟ್ಟರೆ ಬದಲಾಗಬಹುದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ 2024ರ ಅಧಿಕಾರ ವಿಕೇಂದ್ರೀಕರಣ ಸೂಚ್ಯಂಕದಲ್ಲಿ ಕರ್ನಾಟಕಕ್ಕೆ ಮೊದಲ ಸ್ಥಾನ, 72.23 ಅಂಕ. ಮೂರು ಹಂತಗಳಲ್ಲಿ ಎರಡು ಹಂತ ಚುನಾಯಿತರಿಲ್ಲದೆ ಬಿದ್ದಿದ್ದ ಕಾಲದಲ್ಲಿ ನಮ್ಮ ರಾಜ್ಯವೇ ದೇಶಕ್ಕೆ ಮಾದರಿ ಎಂದಾದರೆ, ಆ ಅಂಕಪಟ್ಟಿ ಹಿಡಿದು ಹೆಮ್ಮೆಪಡುವುದು ನಮಗೆ ಶೋಭೆಯಲ್ಲ.

ಇಂಥ ಕಚೇರಿ ನಡೆಸುವ ಸ್ಥಳೀಯ ಸರ್ಕಾರಗಳ ಸಂಘಕ್ಕೆ ವಂತಿಗೆ ಕೊಡಲು ಗ್ರಾಮ ಪಂಚಾಯಿತಿಗೂ ಪುರಸಭೆಗೂ ಪಾಲಿಕೆಗೂ ಕಾಯಿದೆಯಲ್ಲೇ ಸ್ಪಷ್ಟ ಅವಕಾಶ ಬರೆಯಬೇಕು, ಇಲಾಖೆಯ ಅನುಮತಿಯ ಷರತ್ತು ಅದರಲ್ಲಿ ಇರಕೂಡದು. ಆ ಸಂಘದ ಸಿಬ್ಬಂದಿ ಸಂಘದ ನೌಕರರೇ ಆಗಿರಬೇಕು, ನಿಯೋಜನೆಯ ಮೇಲೆ ಬಂದ ಸರ್ಕಾರಿ ಅಧಿಕಾರಿಗಳಲ್ಲ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ದಿನವೂ ಆ ಕಚೇರಿಯ ಬಾಗಿಲು ತೆರೆದಿರಬೇಕು, ಅಂಥ ದಿನಗಳಲ್ಲೇ ಅದರ ಅಗತ್ಯ ಹೆಚ್ಚು. ಕರಡು ಶಾಸನವನ್ನು 30 ದಿನ ಸಾರ್ವಜನಿಕರ ಮುಂದಿಡಬೇಕು ಎಂಬ ನೀತಿಯನ್ನು ಕೇಂದ್ರ 2014ರಲ್ಲಿ ಮಾಡಿದೆ. ರಾಜ್ಯದಲ್ಲಿ ಅದನ್ನು ನೀತಿಯಾಗಿ ಅಲ್ಲ, ಸದನದ ನಿಯಮವಾಗಿ ತರಬೇಕು, ಸ್ಥಳೀಯ ಸಂಸ್ಥೆಗಳನ್ನು ಮುಟ್ಟುವ ಯಾವ ಮಸೂದೆಯೂ ಅವುಗಳ ಲಿಖಿತ ಅಭಿಪ್ರಾಯ ಲಗತ್ತಿಸದೆ ಮಂಡನೆಯಾಗಬಾರದು. ಗಣಿ ಕಂಪನಿಯ ಪರವಾಗಿಯೋ ಪಂಚಾಯಿತಿಯ ಪರವಾಗಿಯೋ, ಶಾಸಕರನ್ನು ಕಂಡು ವಾದಿಸುವ ಎಲ್ಲರ ಹೆಸರೂ ಒಂದೇ ರಿಜಿಸ್ಟರ್‌ನಲ್ಲಿ ಬರಬೇಕು. ಇವೆಲ್ಲ ವಿಧಾನಸೌಧದಿಂದ ತಾನಾಗಿ ಬರುವುದಿಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು, ಆ ಪ್ರತಿಗಳನ್ನು ತಾಲ್ಲೂಕು ತಾಲ್ಲೂಕಾಗಿ ಒಟ್ಟುಮಾಡಿ ಸದನದ ಅರ್ಜಿ ಸಮಿತಿಯ ಮುಂದೆ ಇಡಬೇಕು. ರಾಜ್ಯದಲ್ಲಿ 90 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಸ್ಥಾನಗಳಿವೆ, ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಅಷ್ಟು ಜನ ಕೇಳಬೇಕಾದ ಮೊದಲ ಬೇಡಿಕೆ ಚಿಕ್ಕದು, ಖರ್ಚಿಲ್ಲದ್ದು: ಇನ್ನು ಮುಂದೆ ಪ್ರತಿ ಮಸೂದೆಯ ಆರ್ಥಿಕ ಜ್ಞಾಪನ ಪತ್ರದಲ್ಲಿ ಎರಡನೆಯದೊಂದು ಸಾಲು ಇರಲಿ, ಈ ಶಾಸನದಿಂದ ಗ್ರಾಮ ಪಂಚಾಯಿತಿಗೆ, ಪಟ್ಟಣ ಪಂಚಾಯಿತಿಗೆ, ನಗರಸಭೆಗೆ ತಗಲುವ ವೆಚ್ಚ ಎಷ್ಟು, ಅದನ್ನು ಕೊಡುವವರು ಯಾರು.